ಮಗಳು 'ಶಿ ಡೋಂಟ್ ನೋ' ಅಂತಾನೇ ಬರೀತಾಳೆ, ಇಂಗ್ಲಿಷ್ ಕ್ರಿಯಾಪದ ಹೆಂಗೆ ಹೇಳ್ಕೊಡೋದು?

ಚಿಂತಾಮಣಿ_ಅಮ್ಮ
ಎಲ್ರಿಗೂ ನಮಸ್ಕಾರ. ನಮ್ದು ಚಿಂತಾಮಣಿ ಹತ್ರ ಹಳ್ಳಿ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ, ಸೆಕೆಂಡ್ ಲ್ಯಾಂಗ್ವೇಜ್ ಇಂಗ್ಲಿಷು. ಓದೋದ್ರಲ್ಲಿ ಚುರುಕು, ಪದಗಳೂ ಬೇಕಾದಷ್ಟು ಗೊತ್ತು, ಆದ್ರೆ ಸ್ವಂತವಾಗಿ ಬರಿ ಅಂದ್ರೆ ಕ್ರಿಯಾಪದದಲ್ಲೇ ಮಾರ್ಕ್ಸ್ ಹೋಗ್ತಾ ಇದೆ. ಮನೆ ಬಗ್ಗೆ ಒಂದು ಪ್ಯಾರಾ ಬರ್ದಿದ್ಲು, ಅದ್ರಲ್ಲಿ 'ಮೈ ಮದರ್ ಗೋಸ್ ಟು ದಿ ಫೀಲ್ಡ್' ಅಂತ ಸರಿಯಾಗೇ ಬರ್ದವ್ಳೆ, ಅದ್ರ ಕೆಳಗೇ 'ಮೈ ಗ್ರಾಂಡ್‌ಫಾದರ್ ಹ್ಯಾವ್ ಎ ಸ್ಟಿಕ್', ಆಮೇಲೆ 'ಶಿ ಡೋಂಟ್ ನೋ ಇಂಗ್ಲಿಷ್', 'ಫೋರ್ ಕೌಸ್ ಈಸ್ ದೇರ್'. ಒಂದು ಸಾಲು ಸರಿ ಇದ್ರೆ ಇನ್ನೊಂದು ಸಾಲು ತಪ್ಪು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇಂಗ್ಲಿಷಿಗೆ 80 ಬರವಣಿಗೆ 20 ಇಂಟರ್ನಲ್, ಪತ್ರ ಪ್ರಬಂಧ ಎಲ್ಲಾ ಸ್ವಂತ ವಾಕ್ಯ ಬರೀಬೇಕು. ನಾನು ಪಿಯುಸಿವರೆಗೂ ಓದಿದೀನಿ, ತಪ್ಪು ಅಂತ ಗೊತ್ತಾಗುತ್ತೆ ಆದ್ರೆ ಯಾಕೆ ಅಂತ ಹೇಳೋಕೆ ಬರಲ್ಲ. ಗೊತ್ತಿರೋರು ಹೇಳಿ.

ಗೌರಿಬಿದನೂರು_90
ಅಕ್ಕ ಸಿಂಪಲ್. ಹಿ, ಶಿ, ಇಟ್ ಬಂದ್ರೆ ಕ್ರಿಯಾಪದಕ್ಕೆ ಎಸ್ ಹಾಕ್ಬೇಕು, ಐ, ವಿ, ಯೂ, ದೇ ಬಂದ್ರೆ ಹಾಕಂಗಿಲ್ಲ. ಒಂದು ಚಾರ್ಟ್ ಬರ್ದು ಗೋಡೆಗೆ ಅಂಟ್ಸಿ, ದಿನಾ ಓದ್ಲಿ.

ಚಿಂತಾಮಣಿ_ಅಮ್ಮ
ಚಾರ್ಟ್ ಅಂಟ್ಸಿ ಆಗಿದೆ ತಮ್ಮಾ, ರೂಲ್ಸ್ ಕೇಳಿದ್ರೆ ಪಟಪಟ ಅಂತ ಒಪ್ಪಿಸ್ತಾಳೆ. ಬಿಟ್ಟ ಸ್ಥಳ ತುಂಬಿರಿ ಕೊಟ್ರೆ ಪೂರ್ತಿ ಸರಿ. ಬರೆಯುವಾಗ ಮಾತ್ರ ಕೈ ತಪ್ಪುತ್ತೆ.

ಗುಬ್ಬಿ_ಮೇಷ್ಟ್ರು
ಮೇಡಂ, ನಾನು ತುಮಕೂರು ಜಿಲ್ಲೆ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ನೀವು ಬರೆದಿರೋ ನಾಲ್ಕು ವಾಕ್ಯ ನೋಡಿದ ತಕ್ಷಣ ಇದು ನಮ್ಮ ಕ್ಲಾಸಿನ ನೋಟ್‌ಬುಕ್ಕೇ ಅನ್ನಿಸ್ತು. ನಿಮ್ಮ ಮಗಳು ಮನಸ್ಸಿಗೆ ಬಂದ ಹಾಗೆ ತಪ್ಪು ಮಾಡ್ತಾ ಇಲ್ಲ, ಅವಳ ತಲೆಯಲ್ಲಿ ಕನ್ನಡದ ವ್ಯಾಕರಣ ತುಂಬಾ ಗಟ್ಟಿಯಾಗಿದೆ, ಅದನ್ನೇ ಅವಳು ನಂಬ್ಕೊಂಡು ಬರೀತಾ ಇದಾಳೆ.

ಹೆಂಗೆ ಅಂದ್ರೆ, ಕ್ರಿಯಾಪದ ಕರ್ತೃವಿಗೆ ಹೊಂದಬೇಕು ಅನ್ನೋದು ಕನ್ನಡದ ಮಕ್ಕಳಿಗೆ ಹೊಸ ವಿಷಯವೇ ಅಲ್ಲ. ಬಂದೆ, ಬಂದೆವು, ಬಂದ, ಬಂದಳು, ಬಂತು, ಬಂದರು ಅಂತ ನಾವು ಮೂರು ವರ್ಷಕ್ಕೇ ಕಲ್ತಿರ್ತೀವಿ, ಲಿಂಗ ವಚನ ಪುರುಷ ಮೂರನ್ನೂ ಬಾಲಕ್ಕೆ ಕಟ್ತೀವಿ. ಇಂಗ್ಲಿಷಲ್ಲಿ ಇಷ್ಟೊಂದು ಕೆಲಸ ಇಲ್ಲ, ವರ್ತಮಾನ ಕಾಲದಲ್ಲಿ ಒಂದು ಎಸ್, ಆಮೇಲೆ ಆಮ್ ಈಸ್ ಆರ್, ವಾಸ್ ವರ್, ಹ್ಯಾಸ್ ಹ್ಯಾವ್, ಮುಗೀತು. ಆದ್ರೆ ನಮ್ಮ ಮಾತಲ್ಲಿ ಕ್ರಿಯಾಪದ ಯಾರು ಬಂದ್ರೂ ಬದಲಾಗದೇ ಇರೋ ಕೆಲವು ಜಾಗ ಇದೆ. ಮಕ್ಕಳು ಎಸ್ ಬಿಡೋದು ಹೆಚ್ಚಾಗಿ ಅಲ್ಲೇ!

'ಗೋಸ್' ಸರಿ ಬಂತು, ಯಾಕೆಂದ್ರೆ ಹೋಗ್ತೀನಿ ಹೋಗ್ತಾಳೆ ಅಂತ ಕನ್ನಡದಲ್ಲೂ ಬದಲಾಗುತ್ತೆ. ಗೊತ್ತು, ಬೇಕು, ಸಾಕು, ಇಷ್ಟ ತಗೊಳ್ಳಿ. ನಂಗೆ ಗೊತ್ತು, ಅವಳಿಗೆ ಗೊತ್ತು, ಅವ್ರಿಗೆ ಗೊತ್ತು, ಗೊತ್ತು ಅನ್ನೋದು ಅಲ್ಲಾಡಲ್ಲ. ಅದಕ್ಕೇ 'ಹಿ ನೋ', 'ಶಿ ವಾಂಟ್', 'ಹಿ ಲೈಕ್' ಅಂತ ಬರೀತಾರೆ. 'ಗೋ', 'ಕಮ್', 'ಈಟ್' ಸರಿಯಾಗಿ ಬರೆಯೋ ಮಗುನೇ 'ವಾಂಟ್' ಬಂದ ತಕ್ಷಣ ಎಸ್ ಬಿಡೋದನ್ನ ನಾನು ವರ್ಷ ವರ್ಷ ನೋಡ್ತಾ ಇದೀನಿ. ಇನ್ನು ಬರಲ್ಲ, ಬರಲಿಲ್ಲ. ನಾನು ಬರಲ್ಲ, ಅವನು ಬರಲ್ಲ, ಅವ್ರು ಬರಲ್ಲ, ಅದು ಬರಲ್ಲ. ನಿಷೇಧದಲ್ಲಿ ನಮ್ಗೆ ಒಂದೇ ರೂಪ. ಅದಕ್ಕೆ 'ಶಿ ಡೋಂಟ್'. ನಿಮ್ಮ ಮಗಳ 'ಶಿ ಡೋಂಟ್ ನೋ' ವಾಕ್ಯದಲ್ಲಿ ಈ ಎರಡೂ ಒಟ್ಟಿಗೆ ಬಂದಿದೆ ನೋಡಿ.

'ಗ್ರಾಂಡ್‌ಫಾದರ್ ಹ್ಯಾವ್' ಆಗಿರೋದು ಗೌರವದಿಂದ. ಅಮ್ಮ ಹೋಗ್ತಾಳೆ ಅಂತೀವಿ, ತಾತ ಹೋಗ್ತಾರೆ ಅಂತೀವಿ. ತಾತ ಒಬ್ರೇ ಇದ್ರೂ ಕ್ರಿಯಾಪದ ಬಹುವಚನ. ಮಗು ಮನಸ್ಸಲ್ಲಿ ತಾತನ್ನ ಏಕವಚನದಲ್ಲಿ ಕರೆಯೋಕೆ ಒಪ್ಪಲ್ಲ, 'ಅವರ್ ಹೆಡ್‌ಮಾಸ್ಟರ್ ಆರ್ ಕಮಿಂಗ್' ಅಂತ ಬರೆಯೋದೂ ಇದೇ ಕಾರಣಕ್ಕೆ. ಅವಳಿಗೆ ಒಂದು ಮಾತು ಹೇಳಿ, ಇಂಗ್ಲಿಷಲ್ಲಿ ರಾಷ್ಟ್ರಪತಿ ಬಂದ್ರೂ 'ಹ್ಯಾಸ್' ಅಂತಾನೇ, ಅದು ಅಗೌರವ ಅಲ್ಲ ಅಂತ.

'ಫೋರ್ ಕೌಸ್ ಈಸ್' ಕೂಡಾ ಹಂಗೇ. ಪುಸ್ತಕದಲ್ಲಿ ಹಸುಗಳು ಬಂದವು ಅಂತಿದ್ರೂ ಆಡುಮಾತಲ್ಲಿ ನಾಲ್ಕು ಹಸು ಇದೆ, ಹತ್ತು ಕಾಯಿ ಬಿತ್ತು ಅಂತೀವಿ, ಮನುಷ್ಯರಲ್ಲದ್ದಕ್ಕೆ ಸಂಖ್ಯೆ ಎಷ್ಟಿದ್ರೂ ಏಕವಚನದ ಕ್ರಿಯಾಪದ ನಡೆಯುತ್ತೆ. ಅದೇ ಹುಡುಗಿ 'ಫೋರ್ ಬಾಯ್ಸ್ ಆರ್ ದೇರ್' ಅಂತ ಸರಿಯಾಗಿ ಬರೀಬಹುದು, ನಾಲ್ಕು ಜನ ಹುಡುಗ್ರು ಇದಾರೆ ಅಂತ ಕನ್ನಡವೇ ಹೇಳ್ಕೊಡುತ್ತೆ. ಪರೀಕ್ಷೆ ಮಾಡಿ ನೋಡಿ.

ಚಿಂತಾಮಣಿ_ಅಮ್ಮ
ಸರ್ ಇಷ್ಟು ವರ್ಷದಲ್ಲಿ ಯಾರೂ ಹಿಂಗೆ ಬಿಡಿಸಿ ಹೇಳಿರ್ಲಿಲ್ಲ. ತಪ್ಪು ಅಂತ ಕೆಂಪು ಇಂಕಲ್ಲಿ ಸುತ್ತಾಕ್ತಾರೆ ಅಷ್ಟೇ. ಈಗಲೇ ಅವಳನ್ನ ಕೂರಿಸ್ಕೊಂಡು ಕೇಳ್ತೀನಿ.

ಶಿಡ್ಲಘಟ್ಟ_ರೇಷ್ಮೆ
ಮೇಷ್ಟ್ರೇ ನಮ್ದೂ ಒಂದು ಡೌಟು. ನಾವು ರೀಲಿಂಗ್ ಯೂನಿಟ್ ನಡೆಸ್ತೀವಿ, ಹೊರ ರಾಜ್ಯದ ಪಾರ್ಟಿಗಳಿಗೆ ವಾಟ್ಸಾಪಲ್ಲಿ ಇಂಗ್ಲಿಷಲ್ಲೇ ಮೆಸೇಜ್ ಹಾಕ್ಬೇಕು. ಗೂಡು ಬಂತು ಅನ್ನೋಕೆ 'ಕಕೂನ್ಸ್ ಹ್ಯಾಸ್ ಕಮ್' ಅಂತ ಹಾಕ್ತಿದ್ವಿ, ಮಗ 'ಹ್ಯಾವ್' ಅಂತಾನೆ. ಸರಿ ಒಪ್ಪಿದೆ. ಆದ್ರೆ ಅವನೇ ಇನ್ನೊಂದು ಮೆಸೇಜಲ್ಲಿ 'ಹಂಡ್ರೆಡ್ ಕೇಜೀಸ್ ಈಸ್ ಎನಫ್' ಅಂತ ಹಾಕಿದಾನೆ. ಇದಕ್ಕೆ ಯಾಕೆ 'ಆರ್' ಬೇಡ?

ಗುಬ್ಬಿ_ಮೇಷ್ಟ್ರು
ಮಗ ಎರಡೂ ಸರಿಯಾಗೇ ಹೇಳಿದಾನೆ ಯಜಮಾನ್ರೇ. ಗೂಡು ಒಂದೊಂದೂ ಬಿಡಿ ವಸ್ತು, ಬಂದು ಇಳಿದಿರೋದು ಹಲವು, ಹಂಗಾಗಿ 'ಹ್ಯಾವ್'. ನೂರು ಕೆಜಿ ಸಾಕು ಅಂದಾಗ ನೀವು ನೂರು ಸಲ ಒಂದೊಂದು ಕೆಜಿ ಎಣಿಸ್ತಾ ಇಲ್ಲ, ಒಂದು ಒಟ್ಟು ತೂಕ ಹೇಳ್ತಾ ಇದೀರಿ. ದುಡ್ಡು, ದೂರ, ತೂಕ, ಕಾಲ ಈ ಥರ ಒಟ್ಟು ಮೊತ್ತವಾಗಿ ಬಂದ್ರೆ ಏಕವಚನ. 'ಫೈವ್ ಹಂಡ್ರೆಡ್ ರುಪೀಸ್ ಈಸ್ ಟೂ ಮಚ್', 'ಟೆನ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್'. ಇಲ್ಲಿ ಕನ್ನಡದ ಅಭ್ಯಾಸ ನಮ್ಗೆ ಸಹಾಯಕ್ಕೇ ಬರುತ್ತೆ, ಐನೂರು ರೂಪಾಯಿ ಆಯ್ತು ಅಂತೀವಲ್ಲ.

ಬಾಗೇಪಲ್ಲಿ_ಟೀಚರ್
ಮೇಷ್ಟ್ರು ಹೇಳಿದ್ದು ಬಹಳ ಇಷ್ಟ ಆಯ್ತು, ಆದ್ರೆ ಒಂದು ಕಡೆ ನಂದು ಬೇರೆ ಅಭಿಪ್ರಾಯ ಇದೆ. ನಮ್ಮ ಕಡೆ ಮಕ್ಕಳ ಮನೆ ಮಾತು ತೆಲುಗು. ತೆಲುಗಲ್ಲಿ ನಿಷೇಧ ಬದಲಾಗುತ್ತೆ ಸರ್. ನೇನು ರಾನು, ವಾಡು ರಾಡು, ವಾಳ್ಳು ರಾರು, ನಾನು ಬರಲ್ಲ ಅವನು ಬರಲ್ಲ ಅವರು ಬರಲ್ಲ ಅನ್ನೋದಕ್ಕೆ ಮೂರು ಬೇರೆ ಬೇರೆ ರೂಪ. ನಿಮ್ಮ ಲೆಕ್ಕದ ಪ್ರಕಾರ ನಮ್ಮ ಮಕ್ಕಳು 'ಹಿ ಡಸಂಟ್' ಸರಿಯಾಗಿ ಬರೀಬೇಕಿತ್ತು. ಅವ್ರೂ 'ಹಿ ಡೋಂಟ್' ಅಂತಾನೇ ಬರೀತಾರೆ!

ನಂಗನ್ಸೋದು, ಮಕ್ಕಳು 'ಡೋಂಟ್' ಅನ್ನೋದನ್ನ ಮೊದಲು ಕೇಳೋದೇ ಆಜ್ಞೆಯಲ್ಲಿ. ಡೋಂಟ್ ಟಚ್, ಡೋಂಟ್ ಟಾಕ್, ಡೋಂಟ್ ವರಿ. ಅವ್ರಿಗೆ ಅದು 'ಡು' ಮತ್ತೆ 'ನಾಟ್' ಸೇರಿ ಆಗಿರೋ ಪದ ಅಂತ ಗೊತ್ತೇ ಇಲ್ಲ, ಬೇಡ ಅನ್ನೋಕೆ ಒಂದು ಇಡೀ ಪದ ಅಷ್ಟೇ. ಒಳಗಡೆ 'ಡು' ಇದೆ ಅಂತ ಕಾಣದೇ ಇದ್ರೆ ಅದನ್ನ 'ಡಸ್' ಮಾಡೋದಾದ್ರೂ ಹೆಂಗೆ? ಹಂಗಾಗಿ ನಾನು ಕೆಲವು ವಾರ ಡೋಂಟ್, ಡಸಂಟ್ ಎರಡನ್ನೂ ಕ್ಲಾಸಲ್ಲಿ ನಿಲ್ಲಿಸಿಬಿಟ್ಟು 'ಡು ನಾಟ್', 'ಡಸ್ ನಾಟ್' ಅಂತ ಬಿಡಿಸೇ ಬರೆಸ್ತೀನಿ, ಮಾತಲ್ಲೂ ಹಂಗೇ ಹೇಳ್ಸೋದು. ಅದಾದ್ಮೇಲೆ ಜೋಡ್ಸೋಕೆ ಬಿಡ್ತೀನಿ. ಗೊತ್ತು, ಬೇಕು ವಿಷಯದಲ್ಲಿ ಮಾತ್ರ ನಿಮ್ಮ ಮಾತು ನೂರಕ್ಕೆ ನೂರು, ತೆಲುಗಲ್ಲೂ ತೆಲುಸು, ಕಾವಾಲಿ ಯಾರಿಗಾದ್ರೂ ಅದೇ ರೂಪ.

ಇನ್ನೊಂದು ನಮ್ಮ ಕಡೆದು. ತೆಲುಗಲ್ಲಿ ಅಮ್ಮ ವಚ್ಚಿಂದಿ, ಆವು ವಚ್ಚಿಂದಿ, ಅಂದ್ರೆ ಅಮ್ಮ ಬಂದ್ರೂ ಹಸು ಬಂದ್ರೂ ಕ್ರಿಯಾಪದ ಒಂದೇ. ಹಂಗಂತ ಎಸ್ ಹಾಕೋದ್ರಲ್ಲಿ ತೊಂದ್ರೆ ಏನೂ ಇಲ್ಲ, ಇಂಗ್ಲಿಷಲ್ಲೂ ಶಿ, ಇಟ್ ಎರಡಕ್ಕೂ ಒಂದೇ ರೂಪ ತಾನೆ.

ಗುಬ್ಬಿ_ಮೇಷ್ಟ್ರು
ಟೀಚರಮ್ಮ, ಡು ನಾಟ್ ಬಿಡಿಸಿ ಬರೆಸೋದನ್ನ ನಾಳೆಯಿಂದಲೇ ನಮ್ಮ ಕ್ಲಾಸಲ್ಲೂ ಶುರು ಮಾಡ್ತೀನಿ. ಕನ್ನಡದಲ್ಲೂ ಹಿಂದೆ ನಿಷೇಧ ಬದಲಾಗ್ತಿತ್ತು, ನಾನರಿಯೆ, ಅವನರಿಯ, ಅವರರಿಯರು ಅಂತ ವಚನಗಳಲ್ಲಿ ಬರುತ್ತಲ್ಲ. ನಮ್ಮ ಆಡುಮಾತಿಗೆ ಬರೋ ಹೊತ್ತಿಗೆ ಅದೆಲ್ಲಾ ಸವೆದು 'ಗೊತ್ತಿಲ್ಲ' ಒಂದೇ ಉಳೀತು.

ಕೆಜಿಎಫ್_ತಾತ
ಸವೆಯೋ ಮಾತು ಬಂತಲ್ಲ, ಅದಕ್ಕೆ ಬರೀತೀನಿ. ನಾನು 2001ರಲ್ಲಿ ಚಿನ್ನದ ಗಣಿ ಮುಚ್ಚೋವರೆಗೂ ಅಲ್ಲೇ ಆಫೀಸ್ ಕೆಲಸದಲ್ಲಿದ್ದವನು. ಚರ್ಚಲ್ಲಿ ಹಳೇ ಇಂಗ್ಲಿಷ್ ಬೈಬಲ್ ಓದಿ ಬೆಳೆದ್ವಿ, 1611ರ ಅನುವಾದ. ಅದ್ರಲ್ಲಿ ಗೋಸ್, ಮೇಕ್ಸ್ ಅಂತ ಇಲ್ಲ, ಗೋಎತ್, ಮೇಕೆತ್ ಅಂತಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ 'ಐ'ಗೆ ಒಂದು ಬಾಲ, 'ದೌ'ಗೆ ಒಂದು, 'ಹಿ'ಗೆ ಒಂದು, 'ವಿ', 'ದೇ'ಗೆ ಇನ್ನೊಂದು ಅಂತ ಇತ್ತು, ನಮ್ಮ ಕನ್ನಡದ ಥರಾನೇ. ಒಂದೊಂದಾಗಿ ಉದುರಿಹೋಯ್ತು. ಎಸ್ ಅನ್ನೋದು ಉತ್ತರ ಇಂಗ್ಲೆಂಡ್ ಕಡೆಯ ಮಾತು, ದಕ್ಷಿಣದಲ್ಲಿ ಎತ್ ಅಂತಿದ್ರು, ಕ್ರಮೇಣ ಉತ್ತರದ ಎಸ್ಸೇ ಲಂಡನ್‌ಗೂ ಬಂದು ನಿಂತ್ಕೊಳ್ತು. ಇಂಗ್ಲೆಂಡ್‌ನ ನಾರ್ಫಕ್ ಕಡೆ ಹಳೇ ಹಳ್ಳಿ ಮಾತಲ್ಲಿ ಆ ಎಸ್ ಕೂಡಾ ಇಲ್ಲ, 'ಶಿ ಗೋ', 'ಹಿ ಲೈಕ್' ಅಂತಾನೇ ಹೇಳೋದು. ಅಮ್ಮಾ ಚಿಂತಾಮಣಿ, ನಿನ್ನ ಮಗಳು ಬಿಡೋ ಎಸ್ಸನ್ನ ಇಂಗ್ಲೆಂಡಲ್ಲಿ ಹುಟ್ಟಿದವರೂ ಬಿಟ್ಟಿದಾರೆ, ಮಗುಗೆ ಬುದ್ಧಿ ಕಮ್ಮಿ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕೋಬೇಡ. ಪರೀಕ್ಷೆಗೆ ಮಾತ್ರ ಎಸ್ ಬೇಕೇ ಬೇಕು.

'ಯೂ' ಬಗ್ಗೆ ಹೇಳ್ತೀನಿ, ಮಕ್ಕಳಿಗೆ ಇದು ಬೇಗ ಹಿಡ್ಸುತ್ತೆ. ಒಬ್ಬನೇ ಇದ್ರೂ 'ಯೂ ಆರ್', 'ಯೂ ವರ್' ಅಂತ ಯಾಕೆ ಅಂತ ಕೇಳ್ತಾರೆ. 'ಯೂ' ಮೊದಲು ಬಹುವಚನ, ನಮ್ಮ ನೀವು ಇದ್ದ ಹಾಗೆ. ನೀನು ಅನ್ನೋಕೆ 'ದೌ' ಇತ್ತು. ದೊಡ್ಡವರಿಗೆ ಮರ್ಯಾದೆ ಕೊಡೋಕೆ ಒಬ್ರಿಗೂ 'ಯೂ' ಅಂತ ಶುರುಮಾಡಿ, ಬರ್ತಾ ಬರ್ತಾ ಎಲ್ರಿಗೂ ಅದೇ ಆಗಿ 'ದೌ' ಬಿದ್ದೋಯ್ತು. ಕ್ರಿಯಾಪದ ಮಾತ್ರ ಹಳೇ ಬಹುವಚನದ್ದೇ ಉಳ್ಕೊಂಡಿದೆ. ತಾತ ಬಂದ್ರು ಅನ್ನೋ ನಮ್ ಮಕ್ಕಳಿಗೆ ಇದು ಅರ್ಥ ಆಗದೇ ಇರುತ್ತಾ?

ಮುಳಬಾಗಿಲು_ಬಿಕಾಂ
ತಾತ ಸೂಪರ್ 🙏 ಹಂಗಾದ್ರೆ 'ಕ್ಯಾನ್'ಗೆ ಯಾಕೆ ಎಸ್ ಇಲ್ಲ? 'ಹಿ ಕ್ಯಾನ್ಸ್' ಅಂತ ಯಾರೂ ಅನ್ನಲ್ಲ.

ಕೆಜಿಎಫ್_ತಾತ
ಕ್ಯಾನ್, ಮೇ, ಮಸ್ಟ್, ಶಲ್ ಇವೆಲ್ಲಾ ಬಹಳ ಹಿಂದೆ ಭೂತಕಾಲದ ರೂಪಗಳಾಗಿದ್ವು ಮಗಾ. ಭೂತಕಾಲದಲ್ಲಿ 'ಹಿ'ಗೆ ಆ ಬಾಲ ಇರ್ಲಿಲ್ಲ, ಅರ್ಥ ವರ್ತಮಾನಕ್ಕೆ ಬಂದ್ರೂ ರೂಪ ಹಂಗೇ ಉಳೀತು. ಅದ್ರ ಮುಂದೆ ಬರೋ ಕ್ರಿಯಾಪದಕ್ಕೂ ಎಸ್ ಇಲ್ಲ, 'ಹಿ ಕ್ಯಾನ್ ಗೋ', 'ಗೋಸ್' ಅಲ್ಲ.

ಕೋಲಾರ_ಮಂಡಿ
ನಾನು ಟೊಮೆಟೊ ಮಂಡಿಲಿ ಲೆಕ್ಕ ಬರೆಯೋನು, ದೆಹಲಿ ಕೊಲ್ಕತ್ತಾ ಪಾರ್ಟಿ ಜೊತೆ ಇಂಗ್ಲಿಷು ಹಿಂದಿ ಎರಡೂ ನಡೆಯುತ್ತೆ. 'ದಿ ಬಾಕ್ಸ್ ಆಫ್ ಟೊಮ್ಯಾಟೊಸ್ ಆರ್ ರೆಡಿ' ಅಂತ ಕಳ್ಸಿದ್ರೆ ನಮ್ ಯಜಮಾನ್ರ ಮಗಳು 'ಈಸ್' ಅಂತ ತಿದ್ತಾಳೆ. ಟೊಮೆಟೊ ಪಕ್ಕದಲ್ಲೇ ಇದೆ, ಬಹುವಚನ, ಮತ್ತೆ 'ಈಸ್' ಹೆಂಗೆ?

ಗುಬ್ಬಿ_ಮೇಷ್ಟ್ರು
ಒಳ್ಳೇ ಕಡೆ ಕೈ ಇಟ್ರಿ ಸ್ವಾಮಿ, ನನ್ನ ಪ್ರಕಾರ ಪೂರ್ತಿ ಪಾಠದಲ್ಲಿ ಕಷ್ಟ ಇರೋದೇ ಇಲ್ಲಿ. ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ, 'ಟೊಮೆಟೊ ಬಾಕ್ಸ್ ರೆಡಿ ಇದೆ'. ಯಾವುದು ರೆಡಿ, ಬಾಕ್ಸು. ಕನ್ನಡದಲ್ಲಿ ಮುಖ್ಯವಾದ ನಾಮಪದ ಯಾವಾಗ್ಲೂ ಕೊನೇಲಿ ಬರುತ್ತೆ, ಅದನ್ನ ವಿವರಿಸೋದೆಲ್ಲಾ ಅದಕ್ಕಿಂತ ಮುಂಚೆ ಬಂದಿರುತ್ತೆ, ಹಂಗಾಗಿ ಕ್ರಿಯಾಪದದ ಪಕ್ಕದಲ್ಲಿರೋದೇ ಕರ್ತೃ. ಇಂಗ್ಲಿಷಲ್ಲಿ ತಿರುಗಾಮುರುಗ. ಮುಖ್ಯ ನಾಮಪದ ಮುಂದೆ ನಿಂತು, 'ಆಫ್' ಹಿಡ್ಕೊಂಡು ಬೇರೆ ಏನೇನೋ ಹಿಂದೆ ಬಂದು, ಆಮೇಲೆ ಕ್ರಿಯಾಪದ. ಪಕ್ಕದಲ್ಲಿರೋದನ್ನೇ ಕರ್ತೃ ಅನ್ಕೊಳ್ಳೋದು ನಮ್ಮ ಹುಟ್ಟು ಅಭ್ಯಾಸ, ಅದಕ್ಕೇ ಟೊಮೆಟೊಗೆ ಹೊಂದಿಸಿಬಿಡ್ತೀವಿ. ಉದ್ದ ವಾಕ್ಯದಲ್ಲಿ ಇಂಗ್ಲಿಷಿನವರೂ ಇಲ್ಲಿ ತಪ್ತಾರೆ ಅನ್ನೋದು ಬೇರೆ ಮಾತು.

ಮಕ್ಕಳಿಗೆ ನಾನು ಹೇಳೋದು ಇಷ್ಟೇ, ವಾಕ್ಯನ ಮನಸ್ಸಲ್ಲಿ ಕನ್ನಡಕ್ಕೆ ತಿರುಗಿಸಿ, ಕ್ರಿಯಾಪದದ ಪಕ್ಕ ಯಾರು ಬಂದು ನಿಲ್ತಾರೆ ನೋಡಿ, ಅವ್ರಿಗೇ ಹೊಂದಿಸಿ. 'ಒನ್ ಆಫ್ ಮೈ ಫ್ರೆಂಡ್ಸ್', ನನ್ನ ಸ್ನೇಹಿತರಲ್ಲಿ ಒಬ್ಬ, ಕೊನೇಲಿ ಒಬ್ಬ ನಿಂತ, 'ಈಸ್'. 'ದಿ ಕಲರ್ ಆಫ್ ದೀಸ್ ಫ್ಲವರ್ಸ್', ಈ ಹೂಗಳ ಬಣ್ಣ, ಬಣ್ಣ ನಿಂತ್ತು, 'ಈಸ್'. 'ದಿ ಸ್ಟೂಡೆಂಟ್ಸ್ ಆಫ್ ಅವರ್ ಸ್ಕೂಲ್', ನಮ್ಮ ಶಾಲೆಯ ವಿದ್ಯಾರ್ಥಿಗಳು, 'ಆರ್'. ಪೆನ್ ಎತ್ತೋಕೆ ಮುಂಚೆ ಒಂದು ಕ್ಷಣ ಹಿಂಗೆ ಮಾಡಿದ್ರೆ ಸಾಕು.

ಕೋಲಾರ_ಮಂಡಿ
ಅಂದ್ರೆ 'ಹಂಡ್ರೆಡ್ ಬಾಕ್ಸಸ್ ಆಫ್ ಟೊಮ್ಯಾಟೊ ಆರ್ ರೆಡಿ', ನೂರು ಬಾಕ್ಸು ನಿಂತ್ವು. ಹತ್ತಿತು ತಲೆಗೆ. 15 ಕೆಜಿ ಬಾಕ್ಸ್ ಒಂದಿದ್ರೆ 'ಈಸ್', ನೂರಿದ್ರೆ 'ಆರ್'.

ತಿಪಟೂರು_ಎಫ್‌ಡಿಎ
ನಾನು ಕಾಂಪಿಟೇಟಿವ್ ಎಕ್ಸಾಮ್ ಓದ್ತಾ ಇದೀನಿ, ಮೇಲಿನ ಉಪಾಯ 'ಅಲಾಂಗ್ ವಿತ್'ಗೂ ಆಗುತ್ತೆ ನೋಡಿ. 'ದಿ ಪ್ರಿನ್ಸಿಪಾಲ್ ಅಲಾಂಗ್ ವಿತ್ ದಿ ಟೀಚರ್ಸ್', ಟೀಚರ್ಸ್ ಜೊತೆ ಪ್ರಿನ್ಸಿಪಾಲ್, ಕೊನೇಲಿ ಒಬ್ರೇ, 'ಈಸ್'. 'ಆಸ್ ವೆಲ್ ಆಸ್' ಕೂಡಾ ಇದೇ ಥರ. ಆದ್ರೆ 'ಈದರ್ ಆರ್', ಅಂದ್ರೆ ಇದು ಇಲ್ಲಾ ಅದು ಅಂತ ಬಂದ್ರೆ ಕ್ರಿಯಾಪದಕ್ಕೆ ಹತ್ರ ಇರೋದಕ್ಕೆ ಹೊಂದಿಸ್ಬೇಕು, 'ಈದರ್ ದಿ ಡ್ರೈವರ್ ಆರ್ ದಿ ಪ್ಯಾಸೆಂಜರ್ಸ್' ಆದ್ಮೇಲೆ ಕ್ರಿಯಾಪದ 'ಈಸ್' ಅಲ್ಲ, 'ಆರ್'. 'ಎ ನಂಬರ್ ಆಫ್ ಪೀಪಲ್' ಅಂದ್ರೆ ಹಲವು ಜನ, 'ಆರ್'. 'ದಿ ನಂಬರ್ ಆಫ್ ಪೀಪಲ್' ಅಂದ್ರೆ ಜನರ ಸಂಖ್ಯೆ, 'ಈಸ್'. 'ಪೊಲೀಸ್', 'ಕ್ಯಾಟಲ್' ನೋಡೋಕೆ ಏಕವಚನ, ಆದ್ರೆ 'ಆರ್'. 'ನ್ಯೂಸ್', 'ಮ್ಯಾಥಮ್ಯಾಟಿಕ್ಸ್' ಕೊನೇಲಿ ಎಸ್ ಇದ್ರೂ 'ಈಸ್'. ಇವಿಷ್ಟನ್ನ ಮಾತ್ರ ಬಾಯಿಪಾಠ ಮಾಡದೇ ವಿಧಿಯಿಲ್ಲ.

ಬೆಳ್ಳಾವಿ_ರೈತ
ಇಷ್ಟೆಲ್ಲಾ ವ್ಯಾಕರಣ ತಲೆಗೆ ತುಂಬಿದ್ರೆ ಮಗು ಬಾಯಿ ಬಿಡೋಕೇ ಹೆದರ್ಕೊಳ್ಳುತ್ತೆ ಕಣ್ರೀ. ಮಾತಾಡೋಕೆ ಬಿಡಿ, ಕೇಳ್ತಾ ಕೇಳ್ತಾ ಬರುತ್ತೆ. ನಾವು ಕನ್ನಡ ಕಲ್ತಿದ್ದು ರೂಲ್ಸಿಂದ ಅಲ್ವಲ್ಲ.

ಬಾಗೇಪಲ್ಲಿ_ಟೀಚರ್
ಅಣ್ಣ ನಿಮ್ಮ ಕಾಳಜಿ ಸರಿ, ಮಾತಾಡುವಾಗ ಮಧ್ಯೆ ಬಾಯಿ ಹಾಕಿ ತಿದ್ದಬಾರದು ಅನ್ನೋದನ್ನ ನಾನೂ ಪಾಲಿಸ್ತೀನಿ. ಆದ್ರೆ ಕೇಳ್ತಾ ಬರುತ್ತೆ ಅನ್ನೋಕೆ ನಮ್ಮ ಮಕ್ಕಳಿಗೆ ಕೇಳೋಕೆ ಸಿಗೋದೆಷ್ಟು? ಕ್ಲಾಸಲ್ಲಿ ಒಂದು ಪೀರಿಯಡ್ಡು. ಕನ್ನಡ ನಮ್ಗೆ ಎದ್ದಾಗಿಂದ ಮಲಗೋವರೆಗೂ ಕಿವಿಗೆ ಬೀಳ್ತಿತ್ತು. ಅಮೆರಿಕದಲ್ಲಿ ರೋಜರ್ ಬ್ರೌನ್ ಅನ್ನೋ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ಮನೆಮಾತಿನ ಮೂರು ಮಕ್ಕಳ ಮಾತನ್ನ ದಾಖಲಿಸಿ 1973ರಲ್ಲಿ ಪ್ರಕಟಿಸಿದ್ರು. ಆ ಮಕ್ಕಳಿಗೂ ಬಹುವಚನದ ಎಸ್ ಮೊದಲು ಬಂದು ಕ್ರಿಯಾಪದದ ಎಸ್ ಬಹಳ ತಡವಾಗಿ ಬಂತು, ಎರಡೂ ಒಂದೇ ಸದ್ದು ಆದ್ರೂ. ದಿನವಿಡೀ ಇಂಗ್ಲಿಷ್ ಕೇಳೋ ಮಕ್ಕಳಿಗೇ ತಡ ಆಗುತ್ತೆ ಅಂದ್ಮೇಲೆ ನಮ್ಮ ಮಕ್ಕಳಿಗೆ ಯಾರಾದ್ರೂ ಅದನ್ನ ಎತ್ತಿ ತೋರಿಸ್ಲೇಬೇಕು.

ಈ ಎರಡು ಎಸ್ ಗೊಂದಲ ದೊಡ್ಡದು. 'ಬಾಯ್ಸ್' ಅಂದ್ರೆ ಎಸ್ ಬಹುವಚನ, 'ರನ್ಸ್' ಅಂದ್ರೆ ಎಸ್ ಏಕವಚನ. ಬಹುವಚನಕ್ಕೆ ಎಸ್ ಅಂತ ಚೆನ್ನಾಗಿ ಕಲ್ತಿರೋ ಜಾಣ ಮಕ್ಕಳೇ 'ದಿ ಬಾಯ್ಸ್ ರನ್ಸ್' ಅಂತ ಬರೆಯೋದು. ಕನ್ನಡ ವ್ಯಾಕರಣ ಓದೋರಿಗೆ ಇನ್ನೊಂದು ತೊಡಕು, ಅವನು ಅವಳು ಅನ್ನೋದು ಕನ್ನಡದಲ್ಲಿ ಪ್ರಥಮ ಪುರುಷ, ಇಂಗ್ಲಿಷಲ್ಲಿ ಥರ್ಡ್ ಪರ್ಸನ್. ಬೋರ್ಡ್ ಮೇಲೆ ಥರ್ಡ್ ಪರ್ಸನ್ ಸಿಂಗ್ಯುಲರ್ ಅಂತ ಬರೆದ್ರೆ ಮಗು ಉತ್ತಮ ಪುರುಷದಿಂದ ಎಣಿಸ್ಬೇಕೋ ಪ್ರಥಮದಿಂದ ಎಣಿಸ್ಬೇಕೋ ಅಂತ ಒದ್ದಾಡುತ್ತೆ. ನಾನು ಅವನು, ಅವಳು, ಅದು ಅಂತಾನೇ ಬರೀತೀನಿ.

ಚಿಂತಾಮಣಿ_ಅಮ್ಮ
ಕೂತ್ಕೊಂಡು ನೋಡಿದ್ವಿ. ಹಳೇ ನೋಟ್‌ಬುಕ್ಕಿನ ತಪ್ಪುಗಳನ್ನೆಲ್ಲಾ ಗೊತ್ತು ಬೇಕು ಗುಂಪು, ಇಲ್ಲ ಗುಂಪು, ತಾತ ಗುಂಪು, ಹಸು ಗುಂಪು ಅಂತ ಅವಳೇ ಬೇರೆ ಮಾಡಿದ್ಲು, ಮುಕ್ಕಾಲು ಭಾಗ ಇದ್ರಲ್ಲೇ ಬಂತು. ಉಳಿದಿದ್ದು ಪ್ರಶ್ನೆಗಳು. 'ಡಸ್ ಶಿ ಗೋಸ್', 'ಡಿಡ್ ಹಿ ವೆಂಟ್', 'ಐ ಡಿಡಿಂಟ್ ಸಾ'. ಇದು ಯಾವ ಗುಂಪು ಸರ್?

ಗುಬ್ಬಿ_ಮೇಷ್ಟ್ರು
ಆ ಹುಡುಗಿ ಗುಂಪು ಮಾಡಿದ್ಲಲ್ಲ, ಅರ್ಧ ಗೆದ್ಲು ಅಂತಾನೇ ತಿಳ್ಕೊಳ್ಳಿ ಮೇಡಂ.

ಪ್ರಶ್ನೆಯಲ್ಲಿ ಕನ್ನಡ ಕ್ರಿಯಾಪದನ ಮುಟ್ಟಲ್ಲ, ಕೊನೇಲಿ ಒಂದು 'ಆ' ಸೇರಿಸುತ್ತೆ. ಹೋಗ್ತಾಳೆ, ಹೋಗ್ತಾಳಾ. ಹೋದ, ಹೋದ್ನಾ. ಹಂಗಾಗಿ ಮಗು 'ಗೋಸ್'ನ 'ಗೋಸ್' ಆಗೇ ಇಟ್ಕೊಂಡು ಮುಂದೆ ಒಂದು 'ಡಸ್' ಅಂಟಿಸುತ್ತೆ. ಇಂಗ್ಲಿಷಲ್ಲಿ 'ಡಸ್' ಬಂದ್ರೆ ಎಸ್ ಅದ್ರ ಒಳಗೇ ಹೋಗಿರುತ್ತೆ, 'ಡಿಡ್' ಬಂದ್ರೆ ಭೂತಕಾಲ ಅದ್ರ ಒಳಗೆ ಹೋಗಿರುತ್ತೆ, ಹಿಂದೆ ಉಳಿಯೋದು ಬರೀ ಧಾತು. 'ಡಸ್ ಶಿ ಗೋ', 'ಡಿಡ್ ಹಿ ಗೋ'.

ಇದಕ್ಕೆ ದಾರಿ ಕನ್ನಡದ ನಿಷೇಧದಲ್ಲೇ ಇದೆ. ಹೋಗಲಿಲ್ಲ ಅಂತೀವಿ, ಹೋದನಿಲ್ಲ ಅಂತ ಯಾರಾದ್ರೂ ಅಂತಾರಾ? ಹೋದ ಅನ್ನೋ ಭೂತಕಾಲನ ಬಿಟ್ಟು ಹೋಗು ಅನ್ನೋ ಧಾತುಗೆ ವಾಪಸ್ ಬಂದು ಅದಕ್ಕೆ ಇಲ್ಲ ಸೇರಿಸ್ತೀವಿ. 'ಡಿಡ್ ನಾಟ್ ಗೋ' ಮಾಡೋದೂ ಅದನ್ನೇ. 'ಡಿಡಿಂಟ್ ವೆಂಟ್' ಅಂದ್ರೆ ಹೋದನಿಲ್ಲ ಅಂದ ಹಾಗೆ, 'ಡಿಡಿಂಟ್ ಸಾ' ಅಂದ್ರೆ ನೋಡಿದೆನಿಲ್ಲ. ಅವಳ ಕೈಲಿ ಜೋರಾಗಿ ಓದಿಸಿ, ಅವಳ ಕಿವಿಯೇ ಬೇಡ ಅನ್ನುತ್ತೆ. ಅಲ್ಲಿಂದ ಪ್ರಶ್ನೆಗೆ ಬನ್ನಿ.

ಚಿಂತಾಮಣಿ_ಅಮ್ಮ
ಓದಿಸಿದೆ ಸರ್, ಓದಿದ ತಕ್ಷಣ ತಾನೇ 'ಸೀ' ಅಂತ ತಿದ್ಕೊಂಡ್ಲು! ಕೊನೇದು ಒಂದು. 'ಎವ್ರಿಬಡಿ ಹ್ಯಾವ್' ಅಂತ ಬರ್ದವ್ಳೆ, ಎಲ್ಲರೂ ಅಂದ್ರೆ ಬಹುವಚನ ಅಲ್ವಾಮ್ಮ ಅಂತ ಕೇಳ್ತಾಳೆ.

ತಿಪಟೂರು_ಎಫ್‌ಡಿಎ
ಅಕ್ಕ, ಇಂಗ್ಲಿಷಲ್ಲಿ ಎವ್ರಿ, ಈಚ್ ಒಬ್ಬೊಬ್ಬರನ್ನ ಬೇರೆ ಬೇರೆ ಹಿಡಿಯುತ್ತೆ, ಹಂಗಾಗಿ 'ಎವ್ರಿಬಡಿ ಹ್ಯಾಸ್', 'ಈಚ್ ಸ್ಟೂಡೆಂಟ್ ಹ್ಯಾಸ್', 'ಎವ್ರಿಒನ್ ನೋಸ್'. ಎಲ್ಲರೂ ಅನ್ನೋಕೆ ಬಹುವಚನವೇ ಬೇಕು ಅಂದ್ರೆ 'ಆಲ್' ಹಾಕಿ ಬರೀಲಿ, 'ಆಲ್ ದಿ ಸ್ಟೂಡೆಂಟ್ಸ್ ಹ್ಯಾವ್'. ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿ.